ಕಪಾಟಿನೊಳಗಿನ ಮೂರನೇ ವರ್ಷ

"ಲೇ ಬೋಜ, ಆ ಮಾಸ್ಕ್ ತೆಗ್ದು ಮಾತಾಡ್ಲಾ. ಮೂತಿ ಮುಚ್ಕೊಂಡ್ರೆ ನಿನ್ ಮಗಳ ಹಲ್ಕಟ್ ಕೆಲ್ಸಾನೂ ಮುಚ್ಚೋಯ್ತದಾ?"

ಮಸ್ಕತ್ತಿನ ಘಾಲಾ ಪ್ರದೇಶದ ಗ್ಯಾರೇಜಿನ ಪೇಂಟ್ ಬೂತಿನ ಬಾಗಿಲಲ್ಲಿ ಮ್ಯಾನೇಜರ್ ಚಲುವರಾಜು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದ. ಒಳಗೆ ಭೋಜರಾಜ ಬಿಳಿ ಲ್ಯಾಂಡ್‌ಕ್ರೂಸರಿನ ಬಾನೆಟ್ಟಿಗೆ ಎರಡನೇ ಕೋಟು ಹೊಡೆಯುತ್ತಿದ್ದ. ಅರ್ಧದಲ್ಲಿ ಸ್ಪ್ರೇ ಗನ್ ನಿಲ್ಲಿಸಿದರೆ ಗೆರೆ ಏಳುತ್ತದೆ. ಗೆರೆ ಎದ್ದರೆ ಇಡೀ ಬಾನೆಟ್ಟನ್ನು ಮತ್ತೆ ಉಜ್ಜುವವನೂ ಅವನೇ. ಆದರೂ ನಿಲ್ಲಿಸಿದ. ಇಪ್ಪತ್ತೊಂದು ವರ್ಷದಿಂದ ಈ ಮನುಷ್ಯ ಕೂಗಿದಾಗಲೆಲ್ಲ ನಿಲ್ಲಿಸುತ್ತಲೇ ಬಂದಿದ್ದ.

"ಎಂತಾಯ್ತು ಸಾರ್?"

"ಎಂತಾಯ್ತಂತೆ! ನನ್ ಮಗನ ಪ್ರಾಜೆಕ್ಟ್ ಕದ್ದವ್ಳೆ ನಿನ್ ಮಗ್ಳು. ಎರಡೂ ಒಂದೇ ಥರ ಅವೆ ಅಂತ ಕಾಲೇಜ್ನೋರು ಇಬ್ರ ಮಾರ್ಕ್ಸ್ ಕಾರ್ಡೂ ಹಿಡ್ಕಂಡವ್ರೆ. ಬಣ್ಣ ಬಳಿಯೋ ಬೋಳಿಮಗನ ಹೆಣ್ಣಿಗೆ ಯೂನಿವರ್ಸಿಟಿ ಬೇರೆ ಕೇಡು!"

"ಅವಳು ಕದಿಯುವ ಜಾತಿಯವಳಲ್ಲ ಸಾರ್."

"ನಿನ್ ಜಾತಿ ನಂಗೊತ್ತು, ಬಾಯ್ ಮುಚ್ಲಾ. ಸಂಜೆ ಆರಕ್ಕೆ ಅವಳನ್ನ ಕರ್ಕೊಂಡು ಮನೆಗೆ ಬಾ. ನಾನೇ ಕಾಪಿ ಹೊಡ್ದಿದ್ದು ಅಂತ ಸೈನ್ ಹಾಕ್ಲಿ, ಖಲಾಸ್. ಇಲ್ಲಾಂದ್ರೆ ಅವಳ ಪಾಸ್‌ಪೋರ್ಟ್ ನನ್ ಕಪಾಟಲ್ಲೇ ಗೆದ್ದಲು ತಿನ್ಲಿ."

ಭೋಜರಾಜ ತಿರುಗಿ ನೋಡಿದ. ಬಾನೆಟ್ಟಿನ ಮೇಲೆ ಗೆರೆ ಎದ್ದಿತ್ತು.

ಅವನ ಮಗಳು ಅಕ್ಷಿತಾ ಮಸ್ಕತ್ತಿನಲ್ಲಿ ಎರಡು ವರ್ಷದ ಡಿಪ್ಲೊಮಾ ಮುಗಿಸಿದ್ದಳು. ಆ ಕಾಲೇಜಿನಲ್ಲಿ ಓದು ಅಲ್ಲಿಗೇ ನಿಲ್ಲುತ್ತದೆ. ಡಿಗ್ರಿ ಬೇಕೆಂದರೆ ಆ ಎರಡು ವರ್ಷದ ಅಂಕಗಳನ್ನು ಹೊತ್ತು ನಿಜ್ವಾ ಪಟ್ಟಣದ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಅಲ್ಲಿ ನೇರ ಮೂರನೇ ವರ್ಷಕ್ಕೆ ಸೇರಬೇಕು. ಅವಳಿಗೆ ಸೀಟು ಸಿಕ್ಕಿತ್ತು. ಬುಧವಾರ ಕೊನೆಯ ದಿನ. ಆಗಿನ್ನೂ ಅಲ್ಲಿ ಗುರುವಾರ, ಶುಕ್ರವಾರ ವಾರದ ರಜೆ, ಶನಿವಾರ ತರಗತಿ. ಬುಧವಾರದೊಳಗೆ ಮಾರ್ಕ್ಸ್ ಕಾರ್ಡು, ಅಸಲು ಪಾಸ್‌ಪೋರ್ಟು ಎರಡನ್ನೂ ಹಿಡಿದು ನಿಜ್ವಾದ ಕೌಂಟರಿನಲ್ಲಿ ನಿಲ್ಲದಿದ್ದರೆ ಸೀಟು ಬೇರೆಯವರ ಪಾಲು.

ಇವತ್ತು ಸೋಮವಾರ. ನಾಳೆ ಬೆಳಿಗ್ಗೆ ಕಾಲೇಜಿನವರು ಅಕ್ಷಿತಾ, ಚಲುವರಾಜುವಿನ ಮಗ ನಂದನ್ ಇಬ್ಬರನ್ನೂ ಎದುರು ಕೂರಿಸಿ ಪ್ರಶ್ನೆ ಕೇಳುವವರಿದ್ದರು. ಉತ್ತರ ಕೊಟ್ಟವರಿಗೆ ಕಾರ್ಡು, ಕೊಡದವರಿಗೆ ಸೊನ್ನೆ. ತನ್ನ ಮಗನ ತಲೆಯಲ್ಲಿ ಏನಿದೆಯೆಂದು ಚಲುವರಾಜುವಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅದಕ್ಕೇ ಈ ಅವಸರ.

ಪಾಸ್‌ಪೋರ್ಟನ್ನು ಅವನ ಕೈಗೆ ಕೊಟ್ಟದ್ದು ಭೋಜರಾಜನೇ. ಗ್ಯಾರೇಜಿನ ಕೆಲಸಗಾರರ ಪಾಸ್‌ಪೋರ್ಟುಗಳೆಲ್ಲ ಮ್ಯಾನೇಜರನ ಕೋಣೆಯ ಕಬ್ಬಿಣದ ಕಪಾಟಿನಲ್ಲೇ ಇರುವುದು ವಾಡಿಕೆ. ಆದರೆ ಹೆಂಡತಿ ಮಕ್ಕಳದ್ದನ್ನು ಯಾರೂ ಕೇಳಿರಲಿಲ್ಲ. ಪೇಂಟರನ ಸಂಬಳಕ್ಕೆ ಫ್ಯಾಮಿಲಿ ವೀಸಾ ಆಗುವುದಿಲ್ಲ. ಚಲುವರಾಜು ಕಾಗದದಲ್ಲಿ ಸಂಬಳ ಜಾಸ್ತಿ ಬರೆಸಿ ಮಾಡಿಸಿಕೊಟ್ಟಿದ್ದ. ಆ ಉಪಕಾರಕ್ಕೆ ಕರಗಿ, "ನಿಮ್ಮಲ್ಲೇ ಇರಲಿ ಸಾರ್, ಭದ್ರ" ಎಂದು ಹೆಂಡತಿ, ಮಗಳ ಪಾಸ್‌ಪೋರ್ಟುಗಳನ್ನೂ ಭೋಜರಾಜ ತಾನಾಗಿ ಒಪ್ಪಿಸಿದ್ದ. ಅಂದಿನಿಂದ ಅವನ ಹೆಂಡತಿ ಸ್ವರ್ಣಲತಾಳಿಗೆ ಪ್ರತಿ ಶುಕ್ರವಾರ ಚಲುವರಾಜುವಿನ ಮನೆಯಲ್ಲಿ ಅಡುಗೆ ಕೆಲಸ, ಬಿಟ್ಟಿ. ಉಪಕಾರ ಒಂದು ದಿನದ್ದು, ಚಾಕರಿ ಎಂಟು ವರ್ಷದ್ದು.

ಮಗಳ ಪ್ರಾಜೆಕ್ಟ್ ಇದ್ದ ಪೆನ್ ಡ್ರೈವನ್ನು ನಂದನ್‌ಗೆ ಕೊಡಿಸಿದ್ದೂ ಭೋಜರಾಜನೇ. ಎರಡು ತಿಂಗಳ ಹಿಂದೆ ನಂದನ್ "ಸುಮ್ನೆ ನೋಡ್ತೀನಿ" ಎಂದು ಕೇಳಿದಾಗ ಅಕ್ಷಿತಾ ಕೊಡುವುದಿಲ್ಲವೆಂದಿದ್ದಳು. "ಅವರ ಅನ್ನ ತಿಂದಿದ್ದೇವೆ ಮಗಾ, ಕೊಡು" ಎಂದಿದ್ದ ಭೋಜರಾಜ. ನಲವತ್ತು ದಿನ ಅವನ ಬೂತಿನ ಗೋಡೆಗೆ ಫಿಲ್ಟರ್ ಕಾಗದ ಅಂಟಿಸಿ, ಅದರಲ್ಲಿ ಕೂತ ಬಣ್ಣದ ದೂಳನ್ನು ಕಾಲೇಜಿನ ತಕ್ಕಡಿಯಲ್ಲಿ ತೂಗಿ ಅವಳು ಬರೆದದ್ದು ಅದು. ತನ್ನಪ್ಪ ದಿನಕ್ಕೆ ಎಷ್ಟು ವಿಷ ನುಂಗುತ್ತಾನೆ ಎಂಬುದರ ಲೆಕ್ಕ.

ಸಂಜೆ ಆರಕ್ಕೆ ಸೀಬ್ ಬಡಾವಣೆಯ ವಿಲ್ಲಾದ ಬಾಗಿಲು ತೆರೆದವಳು ಚಲುವರಾಜುವಿನ ಹೆಂಡತಿ ವೇದಾವತಿ.

"ಚಪ್ಲಿ ಹೊರಗೇ ಬಿಡಿ. ಇಲ್ಲೇ ಕೂತ್ಕೊಳ್ಳಿ. ಥಿನ್ನರ್ ವಾಸ್ನೆ ಸೋಫಾಗೆ ಹತ್ಕೊಂಡ್ರೆ ಹೋಗಲ್ಲ."

ಅಪ್ಪ ಮಗಳು ಬಾಗಿಲ ಬಳಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಕೂತರು. ಸೋಫಾದವರಿಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು, ಇವರಿಗೆ ಕಾಗದದ ಲೋಟದಲ್ಲಿ. ಅಕ್ಷಿತಾ ಮುಟ್ಟಲಿಲ್ಲ.

ಚಲುವರಾಜು ಎರಡು ಹಾಳೆಗಳನ್ನು ಅವಳ ಮುಂದೆ ಎಸೆದ. ಒಂದು, ಟೈಪು ಮಾಡಿಸಿದ ತಪ್ಪೊಪ್ಪಿಗೆ. ಇನ್ನೊಂದು ಗ್ಯಾರೇಜಿನವರೆಲ್ಲ ಬಲ್ಲ ಫಾರಂ. ಊರಿಗೆ ರಜೆಯಲ್ಲಿ ಹೋಗುವಾಗ ಪಾಸ್‌ಪೋರ್ಟು ಬಿಡಿಸಿಕೊಳ್ಳಲು ತುಂಬುವಂಥದ್ದು. ಅದರಲ್ಲಿ ಅಕ್ಷಿತಾಳ ಹೆಸರು, ಪಾಸ್‌ಪೋರ್ಟ್ ನಂಬರು, ಕಂಪನಿಯ ಸೀಲು ಎಲ್ಲ ಬಿದ್ದಿತ್ತು.

"ಅದಕ್ಕೆ ನೀನು ಸೈನ್ ಹಾಕು, ಇದಕ್ಕೆ ನಾನು ಹಾಕ್ತೀನಿ. ಯಲ್ಲಾ, ಬೇಗ."

"ಅದಕ್ಕೆ ಸೈನ್ ಹಾಕಿದ್ರೆ ನನಗೆ ಡಿಪ್ಲೊಮಾವೇ ಇಲ್ಲ ಅಂಕಲ್. ಬರೀ ಪಾಸ್‌ಪೋರ್ಟ್ ಹಿಡ್ಕೊಂಡು ನಿಜ್ವಾಕ್ಕೆ ಹೋಗಿ ಎಂತ ಮಾಡ್ಲಿ?"

"ಮದ್ವೆ ಆಗಮ್ಮ," ಎಂದಳು ವೇದಾವತಿ. "ನಿಮ್ಮಂಥೋರಿಗೆ ಇಷ್ಟು ಓದಿದ್ದೇ ಹೆಚ್ಚು. ನಮ್ಮ ನಂದನ್ ವರ್ಷ ಹಾಳಾಗ್ಬಾರ್ದು."

ನಂದನ್ ಟೀವಿಯಲ್ಲಿ ಕಾರು ಓಡಿಸುವ ಆಟ ಆಡುತ್ತಿದ್ದ. "ಜಸ್ಟ್ ಸೈನ್ ಇಟ್ ಯಾ. ವಾಟ್ಸ್ ದ ಬಿಗ್ ಡೀಲ್?" ಎಂದ, ತಲೆ ಎತ್ತದೆ.

"ನಂದನ್, ಫಿಲ್ಟರ್ ಪೇಪರನ್ನು ತೂಗುವ ಮೊದಲು ಎಂತ ಮಾಡ್ಬೇಕು?"

"ಐ ಡೋಂಟ್ ರಿಮೆಂಬರ್."

"ಒಣಗಿಸ್ಬೇಕು. ಹೋಗ್ಲಿ, ಎರಡನೇ ಪುಟದಲ್ಲಿ 'ನನ್ನ ತಂದೆ ಇಪ್ಪತ್ತೊಂದು ವರ್ಷದಿಂದ ಈ ಬೂತಿನಲ್ಲಿ ಪೇಂಟರ್' ಅಂತ ಬರ್ದಿದ್ದಿ. ನಿಮ್ಮಪ್ಪ ಯಾವಾಗ ಪೇಂಟ್ ಹೊಡ್ದದ್ದು?"

ಟೀವಿಯಲ್ಲಿ ಕಾರು ಗೋಡೆಗೆ ಗುದ್ದಿತು. ಚಲುವರಾಜು ಎದ್ದವನೇ ಭೋಜರಾಜನ ಅಂಗಿಯ ಕಾಲರಿಗೆ ಕೈ ಹಾಕಿದ.

"ನೋಡ್ತಾ ಕೂತಿದ್ದೀಯೇನ್ಲಾ ಸೂಳೆಮಗನೆ? ಅವಳ ಕೈ ಹಿಡ್ದು ಹಾಕ್ಸು ಸೈನು!"

ಭೋಜರಾಜ ಮಗಳ ಕೈ ಹಿಡಿದ. ಸಹಿ ಹಾಕಿಸಬೇಕೆಂದೇ ಹಿಡಿದ, ಅದರಲ್ಲಿ ಸುಳ್ಳಿಲ್ಲ. ಕೆಲಸ ಹೋದರೆ ಊರಿನಲ್ಲಿ ತಲೆಯ ಮೇಲೆ ಸೂರಿಲ್ಲ, ಎದೆಯಲ್ಲಿ ಉಸಿರಿಲ್ಲ. ಇಷ್ಟು ವರ್ಷ ತಗ್ಗಿದವನಿಗೆ ಇನ್ನೊಂದು ಸಲ ತಗ್ಗುವುದು ಕಷ್ಟವೇನಲ್ಲ.

"ಪಪ್ಪ," ಎಂದಳು ಅಕ್ಷಿತಾ, ಮೆಲ್ಲಗೆ. "ಪೆನ್ ಡ್ರೈವ್ ಕೊಡು ಅಂತ ಹೇಳಿದ್ದು ನೀವು. ಕೊಟ್ಟೆ. ಈಗ ಇದನ್ನೂ ಹೇಳ್ತೀರಾ?"

ಅವನಿಗೆ ನಾಚಿಕೆಯಾಯಿತು. ಚಲುವರಾಜುವಿನ ಬೈಗುಳಕ್ಕೆ ಎಂದೂ ಆಗದ ನಾಚಿಕೆ. ಅದರ ಬೆನ್ನಿಗೇ ಸಿಟ್ಟು ಬಂತು. ಮಗಳ ಕೈ ಬಿಟ್ಟ. ಕಾಲರಿನ ಮೇಲಿದ್ದ ಕೈಯನ್ನು ಕಿತ್ತು ಆಚೆ ಒಗೆದ. ಪಾಸ್‌ಪೋರ್ಟ್ ಫಾರಮ್ಮನ್ನು ಎತ್ತಿ, ಮಡಚಿ ಜೇಬಿಗಿಟ್ಟುಕೊಂಡ.

"ಏಯ್, ಅದನ್ನೆಲ್ಲಿಗ್ಲಾ ತಗೊಂಡೋಗ್ತಿ?"

"ಪೊಲೀಸರ ಹತ್ರ. ಅವಳ ಪಾಸ್‌ಪೋರ್ಟ್ ನಿಮ್ಮಲ್ಲಿ ಉಂಟು ಅಂತ ನೀವೇ ಸೀಲ್ ಹೊಡ್ದು ಕೊಟ್ಟಿದ್ದೀರಲ್ಲ."

"ನಾಳೆನೇ ವೀಸಾ ಕ್ಯಾನ್ಸಲ್ ಮಾಡಿ ಮೂರೂ ಜನಾನ ವಿಮಾನ ಹತ್ತಿಸ್ತೀನಿ ಕಣೋ ಬೋಳಿಮಗನೆ!"

"ಹತ್ತಿಸ್ಲಿಕ್ಕೂ ಪಾಸ್‌ಪೋರ್ಟ್ ಬೇಕಲ್ಲ ಬೇವರ್ಸಿ. ತೆಗಿ ಹೊರಗೆ!"

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ವೇದಾವತಿ ಬಾಯಿಗೆ ಸೆರಗು ಹಿಡಿದಳು. ಅಪ್ಪ ಮಗಳು ಚಪ್ಪಲಿ ಮೆಟ್ಟಿ, ಆಗಸ್ಟಿನ ಧಗೆಯಲ್ಲಿ ರಸ್ತೆಗೆ ಬಂದು ಟ್ಯಾಕ್ಸಿಗೆ ಕೈ ತೋರಿಸಿದರು.

ಠಾಣೆಯ ಕೌಂಟರಿನಲ್ಲಿದ್ದ ಒಮಾನಿ ಪೊಲೀಸಿನವನಿಗೆ ಹಿಂದಿ ಬರುತ್ತಿತ್ತು. "ಪಾಸ್‌ಪೋರ್ಟ್ ಗುಮ್ ಗಯಾ?" ಎಂದ, ಕಳೆದುಹೋದದ್ದಕ್ಕೆ ಕೊಡುವ ಅರ್ಜಿಯನ್ನು ಎಳೆಯುತ್ತ.

"ಗುಮ್ ನಹೀಂ. ಮ್ಯಾನೇಜರ್ ರಖಾ ಹೈ. ದೇತಾ ನಹೀಂ." ಭೋಜರಾಜ ಫಾರಂ ಬಿಡಿಸಿಟ್ಟ.

ಪೊಲೀಸಿನವನು ಸೀಲನ್ನು ನೋಡಿದ, ಅಕ್ಷಿತಾಳನ್ನು ನೋಡಿದ. ಕಂಪನಿಯವರು ಪಾಸ್‌ಪೋರ್ಟು ಹಿಡಿದಿಡುವುದು ತಪ್ಪೇ, ನಾಳೆ ಅವನನ್ನು ಕರೆಸುತ್ತೇನೆ, ಆದರೆ ಬುಧವಾರದೊಳಗೆ ಸಿಗುತ್ತದೆಂದು ಹೇಳಲಾರೆ ಎಂದ. ಮತ್ತೆ ದನಿ ತಗ್ಗಿಸಿ, ದೂರು ಬರೆದುಕೊಟ್ಟರೆ ನಿನ್ನ ಕೆಲಸ ಹೋಗಬಹುದು, ಯೋಚನೆ ಮಾಡು ಎಂದೂ ಹೇಳಿದ.

"ಸೋಚ್ ಲಿಯಾ. ಕಾಗಜ್ ದೋ."

ಅಕ್ಷಿತಾ ಇಂಗ್ಲಿಷಿನಲ್ಲಿ ಬರೆಯತೊಡಗಿದಳು. "ನಮ್ಮ ಮೂರು ಪಾಸ್‌ಪೋರ್ಟ್ ಅಂತ ಹಾಕ್ಲಾ ಪಪ್ಪ?"

"ಆ ಕಪಾಟಿನಲ್ಲಿ ನಲವತ್ತಮೂರು ಉಂಟು. ನಿಲ್ಲು."

ಭೋಜರಾಜ ಮೊಬೈಲು ತೆಗೆದು ಗ್ಯಾರೇಜಿನ ಕೆಲಸಗಾರರು ಇರುವ ಕ್ಯಾಂಪಿಗೆ ಫೋನು ಹಚ್ಚಿದ. ಎತ್ತಿದವನು ಮೆಕ್ಯಾನಿಕ್ ಮಮ್ಮದ್. ಹೋದ ರಂಜಾನಿನಲ್ಲಿ ತಾಯಿ ತೀರಿಕೊಂಡಾಗಲೂ ಇವನಿಗೆ ಪಾಸ್‌ಪೋರ್ಟು ಸಿಕ್ಕಿರಲಿಲ್ಲ. ಭೋಜರಾಜ ನಾಲ್ಕು ಮಾತಿನಲ್ಲಿ ವಿಷಯ ಹೇಳಿದ.

"ನನ್ನ ಹೆಸರು ಹಾಕು ಬೋಜಣ್ಣ," ಎಂದ ಮಮ್ಮದ್. "ಉಮ್ಮನ ಮಯ್ಯತ್ತಿಗೆ ಮಣ್ಣು ಹಾಕ್ಲಿಕ್ಕೂ ಬಿಡ್ಲಿಲ್ಲ ಆ ನಾಯಿ, ಅದನ್ನೂ ಬರೆಸು. ತಡಿ, ಇಲ್ಲಿ ಬಾದುಶಾ ಇದ್ದಾನೆ."

ಬಾದುಶಾ ಬರೆಸಿದ. ಅವನ ನಂತರದ ಫಿಲಿಪ್ ಮಾತ್ರ, "ನನ್ನದು ಬೇಡ ಮಾರಾಯ, ಮೂರು ಮಕ್ಕಳು ಉಂಟು" ಎಂದು ಫೋನನ್ನು ಇನ್ನೊಬ್ಬನಿಗೆ ಕೊಟ್ಟುಬಿಟ್ಟ. ಆ ಇನ್ನೊಬ್ಬ ಹೆಸರು, ಊರು, ತಂದೆಯ ಹೆಸರು ಎಲ್ಲವನ್ನೂ ಎರಡೆರಡು ಸಲ ಹೇಳಿ ಬರೆಸಿದ.

ಹದಿನೇಳನೆಯ ಹೆಸರಿಗೆ ಹಾಳೆ ತುಂಬಿತು. ಫೋನಿನೊಳಗೆ ಯಾರೋ ಕೆಮ್ಮುತ್ತ ತನ್ನ ಸರದಿಗೆ ಕಾಯುತ್ತಿದ್ದರು. ಪೊಲೀಸಿನವನು ಭೋಜರಾಜನ ಮುಖವನ್ನೊಮ್ಮೆ ನೋಡಿ, ಪ್ರಿಂಟರಿನಿಂದ ಇನ್ನೊಂದು ಬಿಳಿ ಹಾಳೆ ಎಳೆದು ಅಕ್ಷಿತಾಳ ಮುಂದೆ ಸರಿಸಿದ.

"ಹ್ಞಾಂ, ಹೇಳು," ಎಂದ ಭೋಜರಾಜ ಫೋನಿಗೆ. "ದೊಡ್ಡದಾಗಿ ಹೇಳು. ನನ್ನ ಮಗಳು ಬರೀತಿದ್ದಾಳೆ."