ಹಿಮವಿಲ್ಲದ ದಿನದ ಕಥೆ

ಹಲ್ಲುಕಡ್ಡಿ ಚುಚ್ಚಿಟ್ಟಿದ್ದಾರೆ ಬ್ಯಾನಕ್ ರೊಟ್ಟಿಗೆ, ಒಂದೊಂದು ತುಂಡಿಗೂ ಒಂದು ಪುಟ್ಟ ಬಾವುಟ, ನಮ್ಮ ರೊಟ್ಟಿಯನ್ನು ಕೈಯಲ್ಲಿ ಮುರಿದು ತಿನ್ನುವುದೆಂದು ಇವರಿಗೆ ಯಾರು ಹೇಳಬೇಕು, ನಾನೇ ಹೇಳಬೇಕಿತ್ತೇನೋ, ಅದಕ್ಕೇ ತಾನೇ ನನ್ನನ್ನು ಇಟ್ಟುಕೊಂಡಿರುವುದು, ರೋಶೆಲ್ ಫ್ಲೆಟ್, ವಿದ್ಯಾರ್ಥಿ ಇಂಟರ್ನ್, ಸಂವಹನ ಮತ್ತು ಆದಿವಾಸಿ ಸಹಭಾಗಿತ್ವ, ಕುತ್ತಿಗೆಯ ಬಿಲ್ಲೆಯಲ್ಲಿ ಬರೆದಿದೆ, ಈ ಮಕ್ಕಳ ಸಂಸ್ಥೆಯಲ್ಲಿ ಸಹಭಾಗಿತ್ವ ಎಂದರೆ ನಾನೊಬ್ಬಳೇ, ಅದೂ ಆಗಸ್ಟಿನವರೆಗೆ — ಸೆಕೆ, ವಿನಿಪೆಗ್‌ನ ಜೂನ್ ಇಪ್ಪತ್ತೊಂದು, ದೇಶವೆಲ್ಲ ನಮ್ಮ ಆದಿವಾಸಿ ಜನರನ್ನು ಕೊಂಡಾಡುವ ದಿನ, ನಾಳೆ ಬೆಳಿಗ್ಗೆ ಮರೆತುಬಿಡುತ್ತದೆ, ಇನ್ನೂರು ಶಾಲಾಮಕ್ಕಳು ಸಭಾಂಗಣದ ನೆಲದ ಮೇಲೆ ಕೂತು ಗಲಗಲ ಅನ್ನುತ್ತಿದ್ದಾರೆ, ಕಾರ್ಯಕ್ರಮದ ಹಾಳೆ ನನ್ನ ಕೈಗೆ ಬಂದದ್ದು ಈಗ, ನಾಲ್ಕನೆಯದು, ಹಿರಿಯರ ಕಥೆ, ವಿಡಿಯೋ, ಮರ್ಟಲ್ ಬಿಯರ್ಡಿ. ಕೋಕುಮ್. ನನ್ನ ಅಜ್ಜಿಯ ತಂಗಿ, ನಮ್ಮ ಕ್ರೀ ಜನರಲ್ಲಿ ಅಜ್ಜಿಯ ತಂಗಿಯೂ ಅಜ್ಜಿಯೇ, ಕೋಕುಮ್ಮೇ. ಯಾವ ಕಥೆಯೆಂದು ಓದಬೇಕಾಗಿಲ್ಲ, ನಾನು ಮಾಡಿದ ವಿಡಿಯೋ ಅದೊಂದೇ, ಹೊರಗೆ ಹಿಮವಿದ್ದಾಗ ಮಾತ್ರ ಹೇಳುವ ಕಥೆ, ಹಿಮವಿದ್ದಾಗ ಮಾತ್ರ ಕೇಳುವ ಕಥೆ, ಅದರೊಳಗಿನ ತುಂಟನ ಹೆಸರನ್ನು ಬೇಸಿಗೆಯಲ್ಲಿ ಬಾಯಿಬಿಟ್ಟು ಹೇಳುವುದಿರಲಿ, ಮನಸ್ಸಿನಲ್ಲೂ ನಾನೀಗ ಹೇಳಿಕೊಳ್ಳುತ್ತಿಲ್ಲ, ಇದನ್ನು ತೋರಿಸುವುದು ಡಿಸೆಂಬರಿಗೆ ಎಂದಿದ್ದರು ಆಫೀಸಿನವರು, ಡಿಸೆಂಬರಿಗೆ ಎಂದೇ ನನ್ನೆದುರು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು.

ಫೆಬ್ರವರಿಯಲ್ಲಿ ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಉತ್ತರಕ್ಕೆ ಹೋದೆ, ನಮ್ಮ ಜನರಿಗೆಂದು ಸರ್ಕಾರ ಬಿಟ್ಟ ನೆಲ, ರಿಸರ್ವ್, ಅದರ ರಸ್ತೆಯಲ್ಲಿ ಸೊಂಟದೆತ್ತರ ಹಿಮ, ಕೋಕುಮ್‌ಳ ಅಡುಗೆಮನೆಯಲ್ಲಿ ಕೆಟಲ್ ಕುದಿಯುತ್ತಿತ್ತು, ಕೆಂಪು ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪನ್ನು ಮುಂದಿಟ್ಟೆ, ಹಿರಿಯರನ್ನು ಏನಾದರೂ ಕೇಳುವ ಮೊದಲು ಕೊಡಬೇಕಾದದ್ದು, ಅವಳು ಮುಟ್ಟದೆ ನೋಡಿದಳು, ಏನೇ ಪೇಟೆ ಹುಡುಗಿ, ಹೊಗೆಸೊಪ್ಪು ತಂದಿದ್ದೀಯ ಅಂದ್ರೆ ದೊಡ್ಡ ಕೆಲಸಾನೇ ಇರ್ಬೇಕು, ಅಜ್ಜಿಯಂದಿರ ಬಾಯಲ್ಲಿ ಕಥೆ ಕೇಳದೆ ಬೆಳೀತಿರೋ ನಮ್ಮ ಮಕ್ಕಳಿಗೋಸ್ಕರ ಕೋಕುಮ್, ಒಂದು ಕಥೆ ಹೇಳು, ಹಿಮ ಇರೋವಾಗ ಮಾತ್ರ ತೋರಿಸ್ತೀನಿ, ನನ್ನ ಮಾತು, ಅವಳು ಕೆಟಲ್ ಇಳಿಸಿದಳು, ಸೊಪ್ಪನ್ನು ಕೈಗೆ ತೆಗೆದುಕೊಂಡಳು, ಆಯ್ತು, ಬೇಸಿಗೇಲಿ ತೋರಿಸಿದ್ರೆ ಕಪ್ಪೆಗಳು ನಿನ್ನ ಹಾಸಿಗೆಗೇ ಬರ್ತವೆ ನೋಡ್ಕೋ, ನನ್ನ ಹತ್ರ ಅಲ್ಲ, ಎಂದು ಹೊಟ್ಟೆ ಕುಲುಕಿಸಿ ನಕ್ಕಳು. ಅಲ್ಲಿಗೆ ಮುಗಿಯಿತು, ಸೊಪ್ಪನ್ನು ಕೈಗೆ ತೆಗೆದುಕೊಂಡರೆ ಇಬ್ಬರೂ ಮಾತಿಗೆ ಕಟ್ಟುಬಿದ್ದ ಹಾಗೆ, ಮತ್ತೆ ಮಾತಿಲ್ಲ. ಆಮೇಲೆ ಸಂಸ್ಥೆಯ ಒಪ್ಪಿಗೆಯ ಫಾರಮ್, ಮೂರು ಪುಟ, ತುಂಬಿದವಳು ನಾನೇ, ಸಹಿ ಎಲ್ಲಿ ಎಂದು ಬೆರಳಿಟ್ಟು ತೋರಿಸಿದವಳೂ ನಾನೇ, ಇತರ ಷರತ್ತುಗಳು ಎಂಬಲ್ಲಿ ಎರಡು ಸಾಲು ಖಾಲಿ ಇದ್ದವು, ಪೆನ್ನು ಅಲ್ಲಿ ನಿಂತಿತು ಕೂಡ, ಆದರೆ ಹೊಗೆಸೊಪ್ಪು ಕೊಟ್ಟು ಆಡಿದ ಮಾತನ್ನು ಅವಳ ಕಣ್ಣೆದುರೇ ಮತ್ತೆ ಹಾಳೆಯಲ್ಲಿ ಬರೆದರೆ ಆ ಮಾತು ಸಾಲದು ಎಂದ ಹಾಗೆ, ಅಷ್ಟು ಮರ್ಯಾದೆಗೆಟ್ಟವಳಾಗಲು ನನ್ನಿಂದ ಆಗಲಿಲ್ಲ, ಖಾಲಿ ಬಿಟ್ಟೆ. ಥೂ, ನನ್ನ ಮರ್ಯಾದೆಗಿಷ್ಟು.

ಓಡಿದೆನಲ್ಲ ಈಗಷ್ಟೇ ಇಂಗ್ರಿಡ್ ಹತ್ತಿರ, ಸಂವಹನದ ಮುಖ್ಯಸ್ಥೆ, ಕಿವಿಯಲ್ಲಿ ನಮ್ಮವರ ಮಣಿಯ ಓಲೆ, ಇವತ್ತಿಗೆಂದೇ ಕೊಂಡದ್ದು, ಇದನ್ನ ಇವತ್ತು ಹಾಕೋ ಹಾಗಿಲ್ಲ ಇಂಗ್ರಿಡ್, ಹಿಮ ಇಲ್ಲ, ಅವರಿಗೆ ಮಾತು ಕೊಟ್ಟಿದೀನಿ, ಓ ಅದಾ, ಅವರು ಹೇಳಿದ್ದು ಫೆಬ್ರವರೀಲಿ ಅಲ್ವಾ, ಹೇಳೋದು ಆಗ್ಲೇ ಮುಗಿದಿದೆ, ಇದು ಬರೀ ವಿಡಿಯೋ — ಬರೀ ವಿಡಿಯೋ! — ಇನ್ನೂರು ಮಕ್ಕಳ ಕಿವಿ ಏನು ಫೆಬ್ರವರಿಯಲ್ಲಿವೆಯೇ, ಎಂದು ಕೇಳಬೇಕಿತ್ತು, ಫಾರಮ್‌ನಲ್ಲಿ ಎಲ್ಲೂ ಇಲ್ವಲ್ಲ ರೋಶೆಲ್, ನೀನೇ ತುಂಬಿದ್ದು, ನಿಮ್ಮ ಸಂಸ್ಕೃತಿ ಬಗ್ಗೆ ನನಗೆ ಎಷ್ಟು ಗೌರವ ಇದೆ ಅಂತ ನಿನಗೆ ಗೊತ್ತು, ಗೌರವ, ಬೆಳಿಗ್ಗೆಯಿಂದ ಎಷ್ಟನೆಯ ಸಲವೋ, ಗೌರವವೆಂದು ಹೇಳಿ ಹೇಳಿ ಮೈಯೆಲ್ಲ ಉರಿಯುವಂತೆ ಮಾಡುತ್ತಾಳೆ, ಅಷ್ಟೇ ಅಲ್ಲ, ಅವರನ್ನೇ ಕರೆಸಿದೀವಿ, ನಿನಗೆ ಸರ್‌ಪ್ರೈಸ್, ನೋಡಲ್ಲಿ! ನೋಡಿದೆ, ನಮ್ಮವರ ಹಬ್ಬದ ರಿಬ್ಬನ್ ಲಂಗ ಉಟ್ಟು, ಒಳ್ಳೆಯ ಶೂ ಹಾಕಿಕೊಂಡು, ಮುಂದಿನ ಸಾಲಿನ ಕುರ್ಚಿಗೆ ಬರುತ್ತಿದ್ದಾಳೆ ಕೋಕುಮ್, ನನ್ನನ್ನು ಕಂಡು ಕೈ ಬೀಸಿದಳು, ಹತ್ತಿರ ಎಳೆದು ಕೆನ್ನೆ ಹಿಂಡಿದಳು, ನಮ್ಮ ಹುಡುಗಿ ಆಫೀಸಲ್ಲಿದಾಳೆ ಅಂತ ಬಸ್ಸಿನ ಡ್ರೈವರ್‌ಗೂ ಹೇಳ್ದೆ ಕಣೇ, ಪಾಪ, ಒಂಬತ್ತು ಗಂಟೆ ಕೇಳಿಸ್ಕೊಂಡ, ಇವತ್ತು ಏನು ತೋರಿಸ್ತೀರಿ ಕೂಸೇ? ಏನೋ ಇದೆ ಕೋಕುಮ್, ಎಂದೆ. ಏನೋ ಇದೆ ಎಂದೆ! ನಾಲಗೆ ಬಿದ್ದುಹೋಗಿತ್ತೇ, ಎದ್ದು ಹೊರಗೆ ಹೋಗು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ, ಯಾಕೆಂದರೆ ಇಂಗ್ರಿಡ್ ಬರೆಯುವ ವರದಿ ಇಲ್ಲದೆ ನನಗೆ ಪದವಿ ಇಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಯಾರೂ ಪದವಿಯ ಮುಖ ನೋಡಿಲ್ಲ, ಯಾಕೆಂದರೆ ನಾನು ಹೇಡಿ.

ರೋಶೆಲ್, ಶುರು ಮಾಡು, ಲೈವ್ ಹೋಗ್ತಿದೆ, ಮೈಕಿನ ಬಳಿಯಿಂದ ಇಂಗ್ರಿಡ್ ಹಲ್ಲು ಬಿಡುತ್ತಾಳೆ, ನನ್ನ ಬೆರಳು, ಅದು ನನ್ನದೇ ಬೆರಳು, ಯಾರೂ ಹಿಡಿದು ಒತ್ತಿಸಲಿಲ್ಲ, ಒತ್ತಿತು. ಪರದೆಯ ಮೇಲೆ ಅಡುಗೆಮನೆ, ಕಿಟಕಿಯಾಚೆ ಹಿಮ, ಸ್ಪೀಕರ್‌ಗಳಿಂದ ಕೋಕುಮ್‌ಳ ದನಿ, ಗೋಡೆಗೆ ಬಡಿಯುವಷ್ಟು ದೊಡ್ಡದಾಗಿ, ಮೊದಲ ಸಾಲಲ್ಲೇ ಆ ತುಂಟನ ಹೆಸರು, ಮಕ್ಕಳು ಗಪ್‌ಚಿಪ್, ಎಷ್ಟು ಚೆನ್ನಾಗಿ ಹೇಳುತ್ತಾಳೆ ಹಾಳಾದ್ದು ಎಷ್ಟು ಚೆನ್ನಾಗಿ, ಮುಂದಿನ ಸಾಲಿನಲ್ಲಿ ಕೋಕುಮ್ ಪರದೆ ನೋಡಿದಳು, ಎದ್ದು ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಬದುಕುತ್ತಿದ್ದೆ, ಬೈಯಲಿಲ್ಲ, ಎರಡೂ ಕೈ ಎತ್ತಿ ಕಿವಿ ಮುಚ್ಚಿಕೊಂಡಳು, ತನ್ನ ದನಿಗೇ ತನ್ನ ಕಿವಿ, ಬೆರಳುಗಳು ಬಿಳಿಚಿಕೊಳ್ಳುವಷ್ಟು ಒತ್ತಿ, ಲ್ಯಾಪ್‌ಟಾಪಿಗೆ ಕೈ ಹಾಕಿದೆ, ಇಂಗ್ರಿಡ್ ಎರಡು ಹೆಜ್ಜೆಗೆ ಬಂದು ಅದನ್ನು ತನ್ನೆಡೆಗೆ ಎಳೆದುಕೊಂಡಳು, ಮುಟ್ಟಬೇಡ, ಏನಾಗಿದೆ ನಿನಗೆ, ಜನ ನೋಡ್ತಿದಾರೆ, ನೋಡಲಿ, ನಿನ್ನ ವರದಿಗೆ ಬೆಂಕಿ ಬೀಳಲಿ, ಬಗ್ಗಿ ಗೋಡೆಯ ಬುಡದಲ್ಲಿದ್ದ ಸ್ಪೀಕರಿನ ವೈರನ್ನೇ ಹಿಡಿದು ಕಿತ್ತೆ. ನಿಂತಿತು. ನಿಲ್ಲಿಸಿದೆ ಕೋಕುಮ್, ಎಂದು ಕೂಗಿದೆ, ಅವಳು ಕೈ ತೆಗೆಯಲಿಲ್ಲ, ಪರದೆಯ ಮೇಲೆ ಅವಳ ಬಾಯಿ ಇನ್ನೂ ಆಡುತ್ತಲೇ ಇದೆ, ದನಿ ನಿಂತದ್ದು ಅವಳಿಗೆ ಹೇಗೆ ಗೊತ್ತಾಗಬೇಕು, ನಿಲ್ಲಿಸಿದೆ ಕೋಕುಮ್, ನಿಲ್ಲಿಸಿದೆ, ಆ ಎರಡು ಕೈ, ಪರದೆಯಲ್ಲಿ ಆಡುವ ಆ ಬಾಯಿ, ಕಿವಿಯ ಮೇಲೆ ಆ ಎರಡು ಕೈ, ನಿಲ್ಲಿಸಿದೆ, ಆ ಎರಡು ಕೈ