ಗಡಿಬಿಡಿಯ ನಡಿಗೆ

ನಾಯಿಗೆ ಗಡಿಬಿಡಿ ಎಂದು ಹೆಸರಿಟ್ಟವಳು ದರ್ಜಿಯ ಅಕ್ಕ. ಇಟ್ಟ ಹೆಸರಿಗೆ ಅದು ಒಂದು ದಿನವೂ ಕಳಂಕ ತರಲಿಲ್ಲ. ಬಾಗಿಲು ತೆರೆಯುವುದೇ ತಡ, ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಟ. ಹಗ್ಗದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಎಂಬ ಗೊಡವೆಯೇ ಇಲ್ಲ. ಹಾಗೆ ಓಡಿದ ದಿನವೇ ಅಕ್ಕ ಮೆಟ್ಟಿಲಿನಿಂದ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದು.

ಅಕ್ಕನ ಮಗಳು ಖಡಾಖಂಡಿತವಾಗಿ ಹೇಳಿಬಿಟ್ಟಳು. "ಮಾವ, ಅಮ್ಮ ಮನೆಗೆ ಬರೋಷ್ಟರಲ್ಲಿ ನಾಯಿ ಇಲ್ಲಿರಬಾರದು. ನಮ್ಮ ಆಫೀಸಿನವರೊಬ್ಬರು ಸಾಕ್ಕೋತೀವಿ ಅಂದಿದ್ದಾರೆ."

"ಅದಿಲ್ಲ ಅಂದ್ರೆ ಅವಳು ಅರ್ಧ ಸತ್ತ ಹಾಗೆ ಕಣೆ."

"ಇನ್ನೊಂದ್ಸಲ ಬಿದ್ರೆ ಪೂರ್ತಿ ಸಾಯ್ತಾಳೆ!" ಎಂದವಳೇ ಅಳತೊಡಗಿದಳು.

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ತೊಂದರೆ. "ಅಕ್ಕ ಬರೋವರೆಗೆ ನನಗೆ ಬಿಡು. ಎಳೆಯದೆ ನಡೆಯೋದನ್ನ ಕಲಿಸ್ತೀನಿ," ಎಂದ ದರ್ಜಿ. "ಆಗ್ಲಿಲ್ಲ ಅಂದ್ರೆ ನಾನೇ ಬಿಟ್ಟು ಬರ್ತೀನಿ."

ಅಂಗಡಿ ತೆರೆಯುವ ಮೊದಲು, ಮುಚ್ಚಿದ ಮೇಲೆ, ಬೀದಿಯಲ್ಲಿ ಇವರಿಬ್ಬರ ಜಗ್ಗಾಟ ಶುರುವಾಯಿತು. ಹಗ್ಗವನ್ನು ಅಂಗೈಗೆ ಸುತ್ತಿಕೊಂಡು, ಹಲ್ಲು ಕಚ್ಚಿ ಅವನು ಹಿಂದಕ್ಕೆಳೆದಷ್ಟೂ ಅದು ಮುಂದಕ್ಕೆಳೆಯಿತು. ಒಮ್ಮೆ ಅಪ್ಪಿತಪ್ಪಿ ನೆಟ್ಟಗೆ ನಡೆದದ್ದಕ್ಕೆ ಮೆಚ್ಚಿ ಜೇಬಿನಿಂದ ಬಿಸ್ಕತ್ತು ತೆಗೆದು ಕೊಟ್ಟ. ಅದು ಬಿಸ್ಕತ್ತಲ್ಲ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ಗಡಿಬಿಡಿ ಅಗಿದು, ಉಗುಳಿ, ಮೂತಿಯೆಲ್ಲ ಬೆಳ್ಳಗೆ ಮಾಡಿಕೊಂಡು, ಇಂಥ ಮೋಸ ಹುಟ್ಟಿದಂದಿನಿಂದ ಕಂಡಿಲ್ಲ ಎಂಬಂತೆ ಅವನನ್ನು ನೋಡಿತು. ತರಕಾರಿಯವಳು ಬಿದ್ದು ಬಿದ್ದು ನಕ್ಕಳು. "ಏನ್ ದರ್ಜಿಯಣ್ಣ, ನಾಯಿಗೂ ಅಂಗಿ ಹೊಲೀತಿದ್ದೀಯಾ?"

ಅಕ್ಕ ಬರುವ ದಿನ ಹತ್ತಿರವಾಯಿತು. ತಾಯಿಯ ಉಡುಪಿನ ಅಂಚು ಹೊಲಿಯಲೆಂದು ಮಗಳು ಅಂಗಡಿಗೆ ಬಂದು ಮಿಷನ್ನಿನ ಮುಂದೆ ಕೂತಳು. ಆ ಸದ್ದು ಕೇಳಿಯೇ ದರ್ಜಿಗೆ ಕಸಿವಿಸಿಯಾಯಿತು.

"ಬಟ್ಟೆ ಎಳೀಬೇಡ ಕಣೆ! ಸೂಜಿ ಮುರಿಯುತ್ತೆ. ಅದರ ಪಾಡಿಗೆ ಅದು ಹೋಗುತ್ತೆ, ನಿನ್ನ ಕೈ ಸುಮ್ನೆ ಜೊತೆಗಿದ್ರೆ ಸಾಕು."

ಅವಳು ಹೊಲಿಗೆ ನಿಲ್ಲಿಸಿ ಅವನ ಅಂಗೈ ನೋಡಿದಳು. ಅದರ ತುಂಬ ಹಗ್ಗದ ಕೆಂಪು ಬರೆ. "ಮತ್ತೆ ಇದೇನು ಮಾವ?"

ದರ್ಜಿ ತನ್ನ ಅಂಗೈಯನ್ನೇ ನೋಡಿಕೊಂಡ. ಆ ಪಾಠ ಅವನದಾದರೂ ಎಲ್ಲಿತ್ತು? ಅಮ್ಮನಿಲ್ಲದ ಮನೆಯಲ್ಲಿ ಅವನಿಗೆ ಅನ್ನ ಕಲಸಿ ಕೊಟ್ಟವಳೂ ಅಕ್ಕ, ಹೊಲಿಗೆ ಕಲಿಸಿದವಳೂ ಅಕ್ಕ. ಅವನ ಕೈಮೇಲೆ ತನ್ನ ಕೈಯನ್ನು ಹಗುರವಾಗಿ ಇಟ್ಟು ಇದನ್ನೇ ಹೇಳುತ್ತಿದ್ದಳು. ಊರಿಗೆಲ್ಲ ಅದನ್ನೇ ಹೇಳಿಕೊಟ್ಟವನು ಬೀದಿಗಿಳಿದ ಕೂಡಲೇ ಮರೆತು ಕೂತಿದ್ದ.

ಆ ಸಂಜೆ ಹಗ್ಗವನ್ನು ಬೆರಳಲ್ಲಿ ಸಡಿಲವಾಗಿ ಹಿಡಿದ. ಗಡಿಬಿಡಿ ಎಳೆದಾಗ ಹಿಂದಕ್ಕೆ ಜಗ್ಗಲಿಲ್ಲ, ಗದರಲಿಲ್ಲ, ಸುಮ್ಮನೆ ನಿಂತುಬಿಟ್ಟ. ಈ ಮನುಷ್ಯನಿಗೆ ಏನಾಯಿತು ಎಂದು ನಾಯಿ ತಿರುಗಿ ಹತ್ತಿರ ಬಂತು. ಹಗ್ಗ ಜೋತುಬಿತ್ತು. ಆಗ ನಡೆದ. ಮತ್ತೆ ಎಳೆಯಿತು, ಮತ್ತೆ ನಿಂತ. ಮೊದಲ ದಿನ ತರಕಾರಿ ಅಂಗಡಿಯನ್ನೂ ದಾಟಲಾಗಲಿಲ್ಲ. ಆದರೆ ದಿನ ಕಳೆದಂತೆ ನಿಲ್ಲುವುದು ಕಡಿಮೆಯಾಯಿತು, ಪಕ್ಕಪಕ್ಕ ನಡೆಯುವುದು ಹೆಚ್ಚಾಯಿತು. ನಡೆದಾಗಲೆಲ್ಲ ಬಿಸ್ಕತ್ತು ಸಿಗುತ್ತಿತ್ತು, ಅದನ್ನೂ ಗಡಿಬಿಡಿ ಚೆನ್ನಾಗಿ ಮೂಸಿ ನೋಡಿಯೇ ತಿನ್ನುತ್ತಿತ್ತು.

ಅಕ್ಕ ಮನೆಗೆ ಬಂದಳು. ನಾಲ್ಕು ಹೆಜ್ಜೆ ನಡೆಯುವಷ್ಟು ಚೇತರಿಸಿಕೊಂಡ ಮೇಲೆ ಒಂದು ಕೈಯಲ್ಲಿ ಊರುಗೋಲು ಹಿಡಿದು ಬೀದಿಗಿಳಿದಳು. ಇನ್ನೊಂದು ಕೈಗೆ ದರ್ಜಿ ಹಗ್ಗ ಕೊಟ್ಟ. ಬಿದ್ದ ನೆನಪು ಮೈಯಲ್ಲೇ ಇತ್ತಲ್ಲ, ಅಕ್ಕನ ಮುಷ್ಟಿ ಬಿಗಿಯಾಯಿತು. ಹಗ್ಗ ಬಿಗಿಯುತ್ತಲೇ ಗಡಿಬಿಡಿಯ ಕತ್ತು ಮುಂದಕ್ಕೆ ಚಾಚಿತು. ಹಿಂದೆ ನಿಂತಿದ್ದ ಮಗಳು ಮುಂದೆ ನುಗ್ಗಿದಳು.

"ಸಾಕು ಮಾವ, ತಗೊಂಬಿಡು!"

ಅವನು ಹಗ್ಗ ಕಿತ್ತುಕೊಳ್ಳಲಿಲ್ಲ. ಅಕ್ಕನ ಕೈಮೇಲೆ ತನ್ನ ಕೈ ಇಟ್ಟ. "ಎಳೀಬೇಡಕ್ಕ. ಅದರ ಪಾಡಿಗೆ ಅದು ಬರುತ್ತೆ. ನಿನ್ನ ಕೈ ಸುಮ್ನೆ ಜೊತೆಗಿದ್ರೆ ಸಾಕು."

ಅಕ್ಕ ತಮ್ಮನ ಮುಖ ನೋಡಿದಳು. ಕಣ್ಣು ತುಂಬಿತು, ಬೆರಳು ಸಡಿಲಾಯಿತು. ಗಡಿಬಿಡಿ ಹಿಂದೆ ಸರಿದು ಅವಳ ಪಕ್ಕ ಬಂದು ನಿಂತಿತು. ಕೋಲು ಮುಂದಕ್ಕೆ ಹೋದರೆ ಹೋಯಿತು, ಕೋಲು ನಿಂತರೆ ನಿಂತಿತು.

"ಆಫೀಸಿನವರಿಗೆ ಬೇಡ ಅಂತ ಹೇಳಿಬಿಡ್ತೀನಿ," ಎಂದಳು ಮಗಳು, ಮೂಗೊರೆಸಿಕೊಳ್ಳುತ್ತ.

"ಏನು ಬೇಡ?" ಅಕ್ಕ ಕೇಳಿದಳು.

"ಏನಿಲ್ಲಮ್ಮ, ನೀನು ನಡಿ."

ಅಕ್ಕ ನಡೆದಳು. ತಮ್ಮ ಕೈ ತೆಗೆದದ್ದು ಯಾವಾಗ ಎಂದು ಅವಳಿಗೆ ಗೊತ್ತೇ ಆಗಲಿಲ್ಲ.