ಒಂಟೆಯ ನೆಗಡಿ, ಅಂದಪ್ಪನ ಹಟ

ತುಳಸಿಗೇರಿಯ ಅಂದಪ್ಪನಿಗೆ ಸಕ್ಕರೆ ಕಾಯಿಲೆ. ಗುಳಿಗೆ ಎಂದರೆ ಮುಖ ಸಿಂಡರಿಸುವ ಮನುಷ್ಯ. ಒಂಟೆಯ ಹಸಿ ಹಾಲಿಗೆ ಸಕ್ಕರೆ ಇಳಿಯುತ್ತದೆ ಎಂದು ಯಾರೋ ಮೊಬೈಲಿಗೆ ಕಳಿಸಿದ್ದೇ ತಡ, ನಂಬಿಬಿಟ್ಟ. ಬಾದಾಮಿಯಲ್ಲಿ ಪ್ರವಾಸಿಗರನ್ನು ಒಂಟೆಯ ಮೇಲೆ ಸುತ್ತಾಡಿಸುವ ಅರ್ಷದನನ್ನು ಹಾಲು ಕೊಡುವ ಒಂದು ಒಂಟೆ ಸಮೇತ ಕರೆತಂದು ತನ್ನ ಕಣದಲ್ಲೇ ಇಳಿಸಿಕೊಂಡ. ದಿನಾ ಬೆಳಿಗ್ಗೆ ಒಂದು ತಂಬಿಗೆ ಹಾಲು, ಅದೂ ಕಾಸದೆ, ನೊರೆ ಸಹಿತ.

ವಾರ ಕಳೆಯುವಷ್ಟರಲ್ಲಿ ಒಂಟೆಯ ಮೂಗು ಸೋರತೊಡಗಿತು. ಅಂದಪ್ಪನಿಗೂ ಕೆಮ್ಮು ಹತ್ತಿತು. ಹೆಂಡತಿ ಇಂದ್ರಾಬಾಯಿ ಗಾಬರಿಯಾಗಿ ಪಶುವೈದ್ಯೆ ಶೈಲಾಗೆ ಫೋನ್ ಮಾಡಿದಳು.

ಡಾಕ್ಟರು ಒಂಟೆಯನ್ನೇ ಒಯ್ದುಬಿಟ್ಟರೆ ತನ್ನ ಔಷಧದ ಗತಿ ಏನು? ಅರ್ಷದ ಬೇಡವೆಂದರೂ ಕೇಳದೆ, ಅಂದಪ್ಪ ಒಂಟೆಯನ್ನು ಜೋಳದ ಕಣಿಕೆಯ ಬಣವೆಯ ಹಿಂದೆ ನಿಲ್ಲಿಸಿದ. ಕಾರಹುಣ್ಣಿಮೆಗೆ ಎತ್ತಿಗೆ ಹೊದಿಸುವ ಬಣ್ಣದ ಝೂಲವನ್ನೂ ಹೊದಿಸಿ, ಏನೂ ಅರಿಯದವನಂತೆ ಕಟ್ಟೆಯ ಮೇಲೆ ಕುಳಿತ.

“ಒಂಟಿ ಎಲ್ಲೈತ್ರಿ, ಅಂದಪ್ಪಾರ?” ಶೈಲಾ ಬಂದವಳೇ ಕೇಳಿದಳು.

“ಎಲ್ಲೀದು ಒಂಟಿರಿ? ಹಿಂದ ನಮ್ಮ ಎತ್ತು ಕಟ್ಟೇನಿ.”

ಬಣವೆಯ ನೆತ್ತಿಯ ಮೇಲೆ ಉದ್ದ ಕತ್ತೊಂದು ಎದ್ದಿತು. ಒಂಟೆ ಕಣಿಕೆ ಮೆಲ್ಲುತ್ತ ಎಲ್ಲರನ್ನೂ ನಿಧಾನಕ್ಕೆ ನೋಡಿತು.

“ನಿಮ್ಮ ಎತ್ತಿಗೆ ಕುತ್ತಿಗಿ ಭಾಳ ಬೆಳದೈತಲ್ರಿ,” ಎಂದ ಶೈಲಾ ಪರೀಕ್ಷೆಯ ಚೀಲ ಬಿಚ್ಚಿದಳು. ಇಂದ್ರಾಬಾಯಿ ಹಣೆ ಹಣೆ ಬಡಿದುಕೊಂಡಳು.

“ಬರೇ ನೆಗಡಿಗೆ ಪರೀಕ್ಷಾ ಯಾಕ್ರಿ?” ಅಂದಪ್ಪ ಹಟ ಬಿಡಲಿಲ್ಲ.

“ಒಂಟಿಗೆ ಮೆರ್ಸ್ ಅನ್ನೋ ಕೊರೊನಾ ಬರ್ತೈತ್ರಿ. ಅದಕ್ಕ ಬರೇ ಮೂಗು ಸೋರಬಹುದು, ಏನೂ ಆಗದನೂ ಇರಬಹುದು. ಮನಷ್ಯಾಗ ಹತ್ತಿದ್ರ ಎದಿಗೇ ಬಡೀತೈತಿ. ಸಕ್ಕರಿ ಬ್ಯಾನಿ ಇದ್ದವರ ಜೀವಕ್ಕ ಕುತ್ತು. ಅರಬ್ ದೇಶದಾಗ ಹಂಗ ಆಗೈತಿ. ಇದಕ್ಕೂ ಅದ ಬಂದೈತಿ ಅಂತ ನಾ ಅನ್ನಂಗಿಲ್ಲ. ಮೂಗಿನ ದ್ರವ ಲ್ಯಾಬಿಗೆ ಕಳಿಸಿದ್ರನ ಗೊತ್ತಾಗೋದು.”

ಅಂದಪ್ಪ ಕಟ್ಟೆಯಿಂದಿಳಿದು ಬಣವೆಯಿಂದ ನಾಲ್ಕು ಹೆಜ್ಜೆ ದೂರ ಸರಿದ.

ಶೈಲಾ, ಅರ್ಷದ ಇಬ್ಬರೂ ಮಾಸ್ಕು, ಕೈಗವಸು ಹಾಕಿಕೊಂಡರು. ಹತ್ತಿ ಸುತ್ತಿದ ಉದ್ದನೆಯ ಕಡ್ಡಿ ಮೂಗಿನೊಳಗೆ ಹೋಗಿ ಬಂದರೂ ಒಂಟೆ ಮಿಸುಕಲಿಲ್ಲ. ಮಧ್ಯಾಹ್ನ ದವಾಖಾನೆಯಲ್ಲಿ ಅಂದಪ್ಪನ ಮೂಗಿಗೆ ಕಡ್ಡಿ ಹಾಕುವಾಗ ಮಾತ್ರ ಇಬ್ಬರು ಹಿಡಿದುಕೊಳ್ಳಬೇಕಾಯಿತು.

“ಒಂಟಿ ನೋಡಿ ಕಲೀರಿ,” ಎಂದಳು ಇಂದ್ರಾಬಾಯಿ.

ವರದಿ ಬರುವವರೆಗೆ ಒಂಟೆ ಕಣದ ಮೂಲೆಯಲ್ಲಿ, ಅಂದಪ್ಪ ಒಳಕೋಣೆಯಲ್ಲಿ. ಐದನೆಯ ದಿನ ಶೈಲಾ ಫೋನ್ ಮಾಡಿದಳು: ಇಬ್ಬರಿಗೂ ಆ ಕೊರೊನಾ ಇಲ್ಲ.

“ನಾ ಹೇಳಿರಲಿಲ್ಲೇನು, ಬರೇ ನೆಗಡಿ ಅಂತ!” ಅಂದಪ್ಪ ಎದೆಯುಬ್ಬಿಸಿ ಹೊರಬಂದ.

“ನೀವು ಹೇಳಿದ್ರಿ. ಐದು ದಿನ ಬಾಗಲಕ್ಕ ಕಿವಿ ಹಚ್ಚಿ ನಿಮ್ಮ ಉಸಿರು ಕೇಳಿದಾಕಿ ನಾ,” ಎಂದಳು ಇಂದ್ರಾಬಾಯಿ.

ಅಂದಪ್ಪ ತಾನೇ ಹೋಗಿ ಒಂಟೆಯ ಹಾಲನ್ನು ಒಲೆಗಿಟ್ಟ, ಚೆನ್ನಾಗಿ ಕುದಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ಬಂಧುಗಳೇ, ಊರಿಗೆ ಒಂಟೆ ಬಂದರೆ ಓಡಿಸಬೇಡಿ. ಮುಟ್ಟಿದರೆ ಸಾಬೂನಿನಿಂದ ಕೈ ತೊಳೆಯಿರಿ. ಹಾಲು ಕುದಿಸದೆ ಕುಡಿಯಬೇಡಿ, ಅದನ್ನು ನೆಚ್ಚಿ ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡಿ. ಒಂಟೆಗೆ ಹುಷಾರಿಲ್ಲವೆನಿಸಿದರೆ ದೂರ ನಿಂತು ಪಶುವೈದ್ಯರಿಗೆ ತಿಳಿಸಿ. ಒಂಟೆಯ ಹತ್ತಿರ ಹೋಗಿಬಂದ ಎರಡು ವಾರದೊಳಗೆ ಜ್ವರ, ಕೆಮ್ಮು ಬಂದರೆ ದವಾಖಾನೆಗೆ ಹೋಗಿ, ಒಂಟೆಯ ವಿಷಯವನ್ನೇ ಮೊದಲು ಹೇಳಿ. ಮುಚ್ಚಿಡಬೇಡಿ. ನಿಮ್ಮ ಉಸಿರನ್ನು ಕಾಯುತ್ತ ಕೂತವರು ನಿಮ್ಮ ಮನೆಯಲ್ಲೂ ಇದ್ದಾರೆ.